ಮಝಲ್ ಬ್ರೇಕ್ ಮತ್ತು ಗುರಿ

ಒದೆತ ತಗ್ಗಲೆಂದು ರೈಫಲ್ಲಿನ ಮೂತಿಗೆ ಮಝಲ್ ಬ್ರೇಕ್ ಹಾಕಿಸಿದ ಮೇಲೆ ಗುರಿ ಕೆಟ್ಟಿತೆಂಬ ದೂರು ನಮ್ಮ ಸದಸ್ಯರಿಂದ ಬರುತ್ತಿದೆ. (ತೆಂಗಿನಕಾಯಿ ಪಂದ್ಯದ .22 ಕೋವಿಗೆ ಇದರ ಅಗತ್ಯವೇ ಇಲ್ಲ.) ಮೊದಲು ಹಲಗೆಗೆ ಐದು ಗುಂಡು ಹೊಡೆದು ನೋಡೋಣ. ಐದೂ ಗುಂಪಾಗಿ ಬಿದ್ದು, ಗುಂಪು ಮಾತ್ರ ಸರಿದಿದ್ದರೆ ಚಿಂತೆಯಿಲ್ಲ. ಮೂತಿಯ ಭಾರ ಹೆಚ್ಚಿ ನಳಿಗೆಯ ಅದುರು ಬದಲಾಗಿದೆ, ಸೈಟ್ ಹೊಂದಿಸಿದರೆ ಸಾಕು. ಗುಂಡುಗಳು ಚದುರಿದರೆ ಕೋವಿ ಖಾಲಿ ಮಾಡಿ, ಬ್ರೇಕ್ ಸಡಿಲವಾಗಿದೆಯೇ, ಅದರ ತೂತಿನ ಒಂದು ಬದಿಯಲ್ಲಿ ತಾಮ್ರದ ಗೀರಿದೆಯೇ ನೋಡಬೇಕು. ಗೀರಿದ್ದರೆ ಗುಂಡು ಒಳಗೆ ತಗಲುತ್ತಿದೆ. ಆ ಬ್ರೇಕಿನಲ್ಲಿ ಇನ್ನೊಂದು ಗುಂಡೂ ಹಾರಿಸಕೂಡದು. ಥ್ರೆಡ್ ಓರೆಯಾಗಿದ್ದರೆ ಹೀಗಾಗುತ್ತದೆ. ಲೈಸೆನ್ಸುಳ್ಳ ಕೋವಿ ರಿಪೇರಿಯವರಿಗೇ ತೋರಿಸಬೇಕು. ಗೀರಿಲ್ಲದಿದ್ದರೆ ಹೊಡೆಯುವವರನ್ನೂ ಗಮನಿಸೋಣ: ಬ್ರೇಕ್ ಸದ್ದನ್ನು ಹಿಂದಕ್ಕೆ ತಳ್ಳುವುದರಿಂದ ಕುದುರೆ ಎಳೆಯುವಾಗ ಕಣ್ಣು ಮುಚ್ಚುವವರಿದ್ದಾರೆ. ಕಿವಿಗೆ ಹತ್ತಿ ಸಾಲದು, ಇಯರ್ ಮಫ್ ಬೇಕು.