ಅಮಾನತು ಮುಗಿದ ವಕೀಲರು ಮತ್ತೆ ಕೋರ್ಟಿಗೆ ಬರುವುದು ಹೇಗೆ?

"ಉಸ್ತಾದ್, ನಮ್ಮ ವಕೀಲರನ್ನು ಸಸ್ಪೆಂಡ್ ಮಾಡಿದ್ದಾರಂತೆ. ಅವರು ಪುನಃ ಬರ್ತಾರಾ? ನಮ್ಮ ಕೇಸಿನ ಕಥೆ ಏನು?"

ಸರಗೂರಿನಲ್ಲಿ ಮದ್ರಸದ ಮಗುವೊಂದರ ತಂದೆ ಕೇಳಿದ ಪ್ರಶ್ನೆ ಇದು. ಜಾಗದ ಪಾಲಿನ ದಾವೆ, ಎಚ್.ಡಿ. ಕೋಟೆಗೆ ಓಡಾಟ, ವಾಯಿದೆ ಮೇಲೆ ವಾಯಿದೆ. ಕೋರ್ಟಿನ ವಿಷಯವನ್ನು ಉಸ್ತಾದರಲ್ಲಿ ಕೇಳುವುದಾ ಎಂದು ನಗಬೇಡಿ. ಮನೆಗೆ ನೋಟಿಸು ಬಂದರೆ ಮೊದಲು ಓದಿಸುವುದು ನಮ್ಮ ಕೈಯಲ್ಲೇ. ಹಾಗಾಗಿ ಕಾನೂನು ಪುಸ್ತಕ ನೋಡಿ, ತಿಳಿದವರಲ್ಲಿ ವಿಚಾರಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ವಕೀಲ, ವಕಾಲತ್ತು, ಸನ್ನದು ಎಲ್ಲವೂ ಅರಬಿಯಿಂದ ಬಂದ ಪದಗಳು. 'ಅಮಾನತು' ಕೂಡ ಹಾಗೆಯೇ. ಅರಬಿಯಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಕನ್ನಡದ ಕಚೇರಿ ಭಾಷೆಯಲ್ಲಿ ಅದು ಸಸ್ಪೆನ್ಶನ್ ಆಗಿದೆ. ಅಮಾನತ್ ಕಾಪಾಡದವರಿಗೆ ಅಮಾನತು!

ವಕೀಲರ ಮೇಲೆ ಕ್ರಮ ಕೈಗೊಳ್ಳುವುದು 1961ರ ವಕೀಲರ ಕಾಯಿದೆಯ ಪ್ರಕಾರ. ನಮ್ಮಲ್ಲಿ ದೂರು ಹೋಗಬೇಕಾದದ್ದು ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ. ಅಲ್ಲಿನ ಮೂವರ ಶಿಸ್ತು ಸಮಿತಿ ವಿಚಾರಣೆ ನಡೆಸಿ 35ನೇ ಕಲಮಿನಂತೆ ದೂರನ್ನು ವಜಾ ಮಾಡಬಹುದು, ವಕೀಲರಿಗೆ ಛೀಮಾರಿ ಹಾಕಬಹುದು, ಇಂತಿಷ್ಟು ಕಾಲ ಎಂದು ಅಮಾನತು ಮಾಡಬಹುದು, ಇಲ್ಲವೇ ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು.

ಅಮಾನತಾದವರು ಆ ಅವಧಿಯಲ್ಲಿ ಭಾರತದ ಯಾವ ಕೋರ್ಟಿನಲ್ಲೂ, ಯಾವ ಅಧಿಕಾರಿಯ ಮುಂದೆಯೂ ವಕೀಲಿಕೆ ಮಾಡುವಂತಿಲ್ಲ. ಕೋಟೆಯಲ್ಲಿ ನಿಂತು ಮೈಸೂರಿನಲ್ಲಿ ನಡೆಸುತ್ತೇನೆ ಎಂದರೆ ಆಗುವುದಿಲ್ಲ. ತಹಶೀಲ್ದಾರರ ಕಚೇರಿ, ವಕ್ಫ್ ನ್ಯಾಯಮಂಡಳಿ ಎಲ್ಲಕ್ಕೂ ಇದೇ ಲೆಕ್ಕ. ಹಕ್ಕಿಲ್ಲದೆ ವಕೀಲಿಕೆ ಮಾಡಿದರೆ 45ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು ಉಂಟು. 41ನೇ ಕಲಮಿನಂತೆ ಸನ್ನದನ್ನು ಪರಿಷತ್ತು ವಾಪಸ್ ತರಿಸಿಕೊಳ್ಳುತ್ತದೆ, ಶಿಕ್ಷೆಯನ್ನು ಪಟ್ಟಿಯಲ್ಲಿ ಅವರ ಹೆಸರಿನ ಎದುರು ಬರೆದಿಡುತ್ತದೆ.

ಇನ್ನು ಅವರು ವಾಪಸ್ ಬರುವ ದಾರಿ. ನೇರ ದಾರಿ ಎಂದರೆ ಅವಧಿ ಮುಗಿಯುವುದು. ಅದು ಮುಗಿದರೆ ಅಡ್ಡಿಯೂ ಮುಗಿಯಿತು, ಸನ್ನದು ಕೈಗೆ ಬಂದರೆ ಸಾಕು. ಹೊಸ ಪರೀಕ್ಷೆಯಾಗಲಿ, ನಾನು ಸರಿಯಾಗಿದ್ದೇನೆ ಎಂದು ತೋರಿಸುವ ವಿಚಾರಣೆಯಾಗಲಿ ಕಾಯಿದೆಯಲ್ಲಿಲ್ಲ. ಅವಧಿಗೆ ಮೊದಲೇ ಬರಬೇಕಾದರೆ 60 ದಿನಗಳೊಳಗೆ ಭಾರತೀಯ ವಕೀಲರ ಪರಿಷತ್ತಿಗೆ ಮೇಲ್ಮನವಿ ಹಾಕಬೇಕು, ಅಲ್ಲಿ ಸೋತರೆ ಮತ್ತೆ 60 ದಿನಗಳೊಳಗೆ ಸುಪ್ರೀಂ ಕೋರ್ಟಿಗೆ. ಮೇಲ್ಮನವಿ ಹಾಕಿದ ಮಾತ್ರಕ್ಕೆ ಅಮಾನತು ನಿಲ್ಲುವುದಿಲ್ಲ, ಬೇರೆ ತಡೆಯಾಜ್ಞೆ ಬೇಕು. ಆದೇಶ ಕೊಟ್ಟ ಸಮಿತಿಯೇ ಮರುಪರಿಶೀಲನೆ ಮಾಡಲೂ ಅವಕಾಶ ಉಂಟು. ಆದರೆ ರಾಜ್ಯ ಸಮಿತಿ ಹಾಗೆ ಮಾಡಿದರೆ ಭಾರತೀಯ ಪರಿಷತ್ತು ಒಪ್ಪಬೇಕು.

ನನಗೆ ಸರಿ ಕಾಣದ ವಿಷಯ ಒಂದುಂಟು. ತಾನಾಗಿಯೇ ವಕೀಲಿಕೆ ನಿಲ್ಲಿಸಿ ನೌಕರಿಗೆ ಹೋದವರು ಮತ್ತೆ ಬರಬೇಕಾದರೆ ಅರ್ಜಿ ಹಾಕಬೇಕು, ತನ್ನ ಮೇಲೆ ಅನರ್ಹತೆ ಬಂದಿದೆಯೇ ಇಲ್ಲವೇ ಎಂದು ಅಫಿಡವಿಟ್ ಕೊಡಬೇಕು. ಕಕ್ಷಿದಾರನ ಹಣ ತಿಂದು ಶಿಕ್ಷೆ ಅನುಭವಿಸಿದವರನ್ನು "ಆ ಹಣ ಕೊಟ್ಟೆಯಾ?" ಎಂದು ಕೇಳಲೇಬೇಕೆಂಬ ನಿಯಮ ಕಾಯಿದೆಯಲ್ಲಿಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಹಾಗಲ್ಲ. ದೀರ್ಘ ಕಾಲ ಅಮಾನತಾದವರು ಅಲ್ಲಿ ಅರ್ಜಿ ಹಾಕಿ, ತಾನು ಮತ್ತೆ ನಂಬಿಕೆಗೆ ಯೋಗ್ಯ ಎಂದು ಸಾಬೀತು ಮಾಡಬೇಕು. ತೌಬಾ ಮಾಡಿದರೂ ಇನ್ನೊಬ್ಬರ ಹಕ್ಕು ಹಿಂದಿರುಗಿಸದೆ ಅದು ಪೂರ್ತಿಯಾಗುವುದಿಲ್ಲ ಎಂದು ನಾವು ಮಕ್ಕಳಿಗೆ ಹೇಳಿಕೊಡುವುದು ಇದನ್ನೇ ಅಲ್ವಾ.

ನಮ್ಮ ಸುಪ್ರೀಂ ಕೋರ್ಟ್ ಒಮ್ಮೆ ಆ ದಾರಿ ತೋರಿಸಿದೆ. ತಮಿಳುನಾಡಿನ ರಂಗದುರೈ ಕೇಸು, 1978ರ ತೀರ್ಪು. ವಕೀಲರು ಸಾಲಪತ್ರದ ದಾವೆ ಹಾಕುತ್ತೇನೆಂದು ಹಣ ತೆಗೆದುಕೊಂಡು, ಹಾಕದೆಯೇ ಹಾಕಿದ್ದೇನೆ ಎಂದು ನಂಬಿಸಿದ್ದರು. ರಾಜ್ಯ ಪರಿಷತ್ತು ಕೊಟ್ಟ ಆರು ವರ್ಷದ ಅಮಾನತನ್ನು ಭಾರತೀಯ ಪರಿಷತ್ತು ಒಂದು ವರ್ಷಕ್ಕಿಳಿಸಿತ್ತು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವಧಿಯನ್ನು ಇನ್ನಷ್ಟು ತಗ್ಗಿಸಿದರು, ಆದರೆ ಷರತ್ತು ಹಾಕಿದರು: ಮೋಸಹೋದವರಿಗೆ 2,500 ರೂ. ಕೊಡಬೇಕು, ಒಂದು ವರ್ಷ ಬಡವರ ಕೇಸುಗಳಲ್ಲಿ ಉಚಿತ ಸೇವೆ ಮಾಡಬೇಕು. ಅದೇ ಪೀಠದ ನ್ಯಾಯಮೂರ್ತಿ ಎ.ಪಿ. ಸೇನ್ ಇದಕ್ಕೆ ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ನನಗಂತೂ ಅಯ್ಯರ್ ಮಾಡಿದ್ದೇ ಸರಿ ಅನಿಸ್ತದೆ.

ಎಲ್ಲರಿಗೂ ವಾಪಸ್ ದಾರಿ ಇರುವುದಿಲ್ಲ. ಉತ್ತರ ಪ್ರದೇಶದ ಒಬ್ಬ ಬಡ ವೃದ್ಧನ ಭೂಸ್ವಾಧೀನ ಪರಿಹಾರ 8,118 ರೂಪಾಯಿಯನ್ನು ಅವನ ವಕೀಲರೇ ಕೋರ್ಟಿನಿಂದ ತೆಗೆದುಕೊಂಡು ಕೊಡಲಿಲ್ಲ. ಸಾಲದ್ದಕ್ಕೆ ರಾಜಿಯಾಗಿದೆ ಎಂದು ಸುಳ್ಳು ಅಫಿಡವಿಟ್ ಹಾಕಿದರು. ಪರಿಷತ್ತು ಮೂರು ವರ್ಷ ಅಮಾನತು ಮಾಡಿತು. ಶಿಕ್ಷೆ ಹೆಚ್ಚಾಯಿತೆಂದು ವಕೀಲರು ಸುಪ್ರೀಂ ಕೋರ್ಟಿಗೆ ಹೋದರೆ, 2002ರಲ್ಲಿ ಅದು ಅವರ ಹೆಸರನ್ನೇ ಪಟ್ಟಿಯಿಂದ ತೆಗೆಸಿತು. ಕಬಿನಿ ಸುತ್ತಮುತ್ತ ಜಮೀನು ಕೊಟ್ಟು ಪರಿಹಾರಕ್ಕೆ ಅಲೆದ ಮನೆಗಳವರಿಗೆ ಈ ಕಥೆ ಬೇರೆ ವಿವರಿಸಬೇಕಾಗಿಲ್ಲ.

ತಡವೂ ದೊಡ್ಡ ತೊಂದರೆ. ದೂರು ಒಂದು ವರ್ಷದಲ್ಲಿ ಮುಗಿಯದಿದ್ದರೆ ಭಾರತೀಯ ಪರಿಷತ್ತಿಗೆ ವರ್ಗವಾಗುತ್ತದೆ. ಕರ್ನಾಟಕದ್ದೇ ಒಂದು ದೂರಿನಲ್ಲಿ, ಅಂಜಿನಪ್ಪ ಮತ್ತು ಕೃಷ್ಣಾ ರೆಡ್ಡಿ ಕೇಸಿನಲ್ಲಿ, 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ರಾಜ್ಯ ಪರಿಷತ್ತುಗಳು ವರ್ಷದೊಳಗೆ ಮುಗಿಸಬೇಕು, ವರ್ಗವಾಗಿ ಬಂದದ್ದನ್ನು ಭಾರತೀಯ ಪರಿಷತ್ತೂ ವರ್ಷದೊಳಗೆ ಮುಗಿಸಬೇಕು ಎಂದು ಹೇಳಿತು. ಗ್ರಾಹಕರ ಕೋರ್ಟಿಗೆ ಹೋಗೋಣ ಎಂದರೆ 2024ರ ಮೇ ತಿಂಗಳ ತೀರ್ಪಿನ ನಂತರ ವಕೀಲರ ಸೇವೆ ಅಲ್ಲಿಗೆ ಬರುವುದಿಲ್ಲ.

ಇನ್ನು ಆ ತಂದೆಯ ಕೇಸಿಗೆ ಬರೋಣ. ವಕೀಲರು ಅಮಾನತಾದರೆ ನಿಮ್ಮ ವಾಯಿದೆ ನಿಲ್ಲುವುದಿಲ್ಲ. ಅವರು ಬರಲಿ ಎಂದು ಕಾದು ಕೂತರೆ ನಿಮ್ಮ ಗೈರಿನಲ್ಲೇ ಆದೇಶ ಆಗಿಬಿಡಬಹುದು. ತಕ್ಷಣ ಬೇರೆ ವಕೀಲರಿಂದ ವಕಾಲತ್ತು ಹಾಕಿಸಿ. ಫೈಲು ನಿಮ್ಮದು. ಫೀಸು ಬಾಕಿ ಎಂದು ವಕೀಲರು ಫೈಲು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು 2000ದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಳೆಯ ವಕೀಲರು "ಅಮಾನತು ಮುಗಿಯಿತು" ಎಂದು ಬಂದರೆ ಅವಧಿ ಎಂದಿಗೆ ಮುಗಿಯಿತು, ಸನ್ನದು ವಾಪಸ್ ಸಿಕ್ಕಿದೆಯಾ ಎಂದು ಕೇಳಿ. ಮೇಲ್ಮನವಿ ಹಾಕಿದ್ದೇನೆ ಎಂದರೆ ತಡೆಯಾಜ್ಞೆಯ ಪ್ರತಿ ಕೇಳಿ. ಸಂಶಯ ಬಂದರೆ ರಾಜ್ಯ ಪರಿಷತ್ತಿಗೆ ಬರೆದು ವಿಚಾರಿಸಿ. ಮಸೀದಿಯ ಜಾಗದ ಕೇಸು ನಡೆಸುವ ಜಮಾಅತ್ ಕಮಿಟಿಯವರೂ ಇದನ್ನು ಕೇಳಬೇಕು. ಊರಿನ ಹಣ ಅದು.

ಹೊಸ ವಕೀಲರಿಗೆ ಕೊಡಲು ಹಣವಿಲ್ಲದವರು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಹೋಗುವಾಗ ಕೇಸ್ ನಂಬರು, ಮುಂದಿನ ವಾಯಿದೆಯ ತಾರೀಕು ಚೀಟಿಯಲ್ಲಿ ಬರೆದುಕೊಂಡು ಹೋಗಿ.