ಕೆಲಸಕ್ಕೆ ಮುನ್ನ ಕಂತೇ?

ಆನ್‌ಲೈನ್ ಸಂದರ್ಶನದ ನಡುವೆಯೇ ನನ್ನ 8 ಸಾವಿರದ ಫೋನ್ ಹ್ಯಾಂಗ್ ಆಯಿತು. ಮತ್ತೆ ಆನ್ ಆಗುವಷ್ಟರಲ್ಲಿ ನನ್ನ ಸರದಿ ಮುಗಿದಿತ್ತು.

ಸಿಟ್ಟಿನಲ್ಲಿ 75 ಸಾವಿರದ ಫೋನನ್ನೇ ಕಂತಿನಲ್ಲಿ ಕೊಳ್ಳಲು ಹೊರಟೆ. ಅಂಗಡಿಯಲ್ಲಿ ಹೋಲಿಸಿದಾಗ ಕಣ್ಣು ತೆರೆಯಿತು. ಅಗ್ಗದ ಫೋನುಗಳಲ್ಲಿ ಸಾಮಾನ್ಯವಾಗಿ 4 ಜಿಬಿ ರ‍್ಯಾಮ್, ನಿಧಾನಗತಿಯ ಇಎಂಎಂಸಿ ಸ್ಟೋರೇಜ್. ನನ್ನದೂ ಅದೇ. 20 ಸಾವಿರದ ಆಸುಪಾಸಿನಲ್ಲಿ 8 ಜಿಬಿ ರ‍್ಯಾಮ್, ವೇಗದ ಯುಎಫ್‌ಎಸ್ ಸ್ಟೋರೇಜ್ ಸಿಗುತ್ತದೆ. ಅದರಾಚೆಗಿನ ಹಣ ಕ್ಯಾಮೆರಾ, ಪ್ರೊಸೆಸರ್ ಮತ್ತು ಬಾಳಿಕೆಗೆ: 2024ರ ಗ್ಯಾಲಕ್ಸಿ ಎಸ್24ಕ್ಕೆ 7 ವರ್ಷ ಅಪ್‌ಡೇಟ್ ಭರವಸೆಯಿದೆ.

ಆದರೆ ಕೆಲಸ ಸಿಗುವವರೆಗೆ ಕಂತು ಕಟ್ಟುವವರು ಯಾರು? ಅಪ್ಪನೇ! ಮಧ್ಯಮ ದರ್ಜೆಯದನ್ನೇ ಕೊಂಡೆ. ನೀವೂ ಮೆಗಾಪಿಕ್ಸೆಲ್‌ಗೆ ಮರುಳಾಗಬೇಡಿ. ರ‍್ಯಾಮ್ ಎಷ್ಟು, ಸ್ಟೋರೇಜ್ ಯಾವುದು, ಅಪ್‌ಡೇಟ್ ಎಷ್ಟು ವರ್ಷ ಎಂದು ಕೇಳಿ.