ಅಪ್ಪನ ಕಂಪ್ಯೂಟರ್ ಸ್ಲೋ ಆಗಿದೆಯಾ? ಮೊದಲು ಆಫ್ ಮಾಡಿಸಿ

ನಮ್ಮ ಉಪ್ಪಿನಂಗಡಿ ಕಡೆ ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಮನೆಯಲ್ಲಿ ಮೊದಲು ನಡೆಯುವ ಕೆಲಸ ಪ್ಲಗ್ ಕೀಳುವುದು. ಟಿವಿ, ಫ್ರಿಜ್, ಮೋಡೆಮ್, ಕೊನೆಗೆ ಕಂಪ್ಯೂಟರ್. ಸಿಡಿಲಿಗೆ ಅದೇ ಸರಿಯಾದ ಮದ್ದು. ಆದರೆ ಕಂಪ್ಯೂಟರಿನ ಒಳಗಿರುವ ಹಾರ್ಡ್ ಡಿಸ್ಕ್ ಸಾಯಲಿಕ್ಕೆ ಸಿಡಿಲೇ ಬೇಕೆಂದಿಲ್ಲ. ವಯಸ್ಸಾದ ಮೇಲೆ ಒಂದೊಂದೇ ಜಾಗ ಓದಲಿಕ್ಕಾಗದೆ, ಯಾರಿಗೂ ಹೇಳದೆ ಹಾಳಾಗುತ್ತಾ ಹೋಗುತ್ತದೆ. ಮನೆಯವರಿಗೆ ಕಾಣುವುದು ಒಂದೇ: 'ಸ್ಲೋ ಆಗಿದೆ.'

ಬೆಂಗಳೂರಲ್ಲಿ ಕೆಲಸಕ್ಕಿರುವ ನಮ್ಮಂಥವರಿಗೆ ಊರಿಂದ ಬರುವ ಫೋನ್‌ಗಳಲ್ಲಿ ಇದೂ ಒಂದು. ಇಂಜಿನಿಯರಿಂಗ್ ಓದುವಾಗ ತೆಗೆಸಿಕೊಂಡ ಡೆಸ್ಕ್‌ಟಾಪ್ ಅಲ್ಲೇ ಉಳಿದಿರುತ್ತದೆ. ನಮ್ಮ ಮನೆಯಲ್ಲಿ ಅದೀಗ ಅಪ್ಪನ ಪಾಲಿಗೆ ಬಂದಿದೆ. ಅಡಿಕೆ ಲೆಕ್ಕ, ಕುಟುಂಬದ ದೈವದ ತಂಬಿಲಕ್ಕೆ ಯಾರು ಎಷ್ಟು ಕೊಟ್ಟರು ಎಂಬ ಪಟ್ಟಿ, ಮದುವೆ ಫೋಟೋಗಳು ಎಲ್ಲ ಅದರಲ್ಲೇ. ಕಳೆದ ಬೇಸಿಗೆಯಲ್ಲಿ ಅಪ್ಪ ಫೋನ್ ಮಾಡಿ, "ಕಂಪ್ಯೂಟರ್ ಭಾರಿ ಸ್ಲೋ ಆಗಿದೆ ಮಾರಾಯ. ಆನ್ ಮಾಡಿ ಚಾ ಕುಡಿದು ಬಂದ್ರೂ ತಿರುಗ್ತಾನೇ ಉಂಟು. ಅಂಗಡಿಯವರು ಫಾರ್ಮ್ಯಾಟ್ ಮಾಡಿದ್ರೆ ಸರಿ ಆಗ್ತದೆ ಹೇಳಿದ್ರು" ಅಂದರು.

ನಾನು ಕೇಳಿದ್ದು ಎರಡೇ ಪ್ರಶ್ನೆ. ಒಳಗಿಂದ ಕಟ್ ಕಟ್ ಅಂತ ಶಬ್ದ ಬರ್ತದಾ? ಫೈಲ್ ಓಪನ್ ಮಾಡುವಾಗ ಇಡೀ ಕಂಪ್ಯೂಟರ್ ಹಿಡಿದು ನಿಲ್ತದಾ? ಶಬ್ದ ಇಲ್ಲ, ಹಿಡಿದು ನಿಲ್ಲುವುದು ಹೌದು ಅಂದರು. "ಹಾಗಾದ್ರೆ ಆಫ್ ಮಾಡಿ ಇಡಿ. ನಾನು ಬರುವವರೆಗೆ ಆನ್ ಮಾಡ್ಬೇಡಿ. ಅಂಗಡಿಗೂ ಕೊಡ್ಬೇಡಿ."

ಯಾಕೆ ಆಫ್ ಮಾಡಬೇಕು ಅಂದರೆ, ಹಾರ್ಡ್ ಡಿಸ್ಕ್ ಒಂದು ತಿರುಗುವ ಯಂತ್ರ. ಮನೆಯ ಕಂಪ್ಯೂಟರಿನದು ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಅದರ ತಟ್ಟೆಯ ಮೇಲೆ ಓದುವ ಹೆಡ್ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ತಲೆಕೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್. ಅಷ್ಟು ಕಿರಿದಾದ ಸಂದಿಯಲ್ಲಿ ಒಂದು ಸಾರಿ ಏನಾದರೂ ಉಜ್ಜಿದರೆ ಪುಡಿ ಏಳುತ್ತದೆ, ಆ ಪುಡಿ ಇನ್ನೊಂದು ಕಡೆ ಉಜ್ಜುತ್ತದೆ. ಅಂದರೆ ಹಾಳಾಗುತ್ತಿರುವ ಡಿಸ್ಕಿನ ಆಯಸ್ಸನ್ನು ಕ್ಯಾಲೆಂಡರಿನ ದಿನಗಳಲ್ಲಲ್ಲ, ಅದು ತಿರುಗುವ ಗಂಟೆಗಳಲ್ಲಿ ಎಣಿಸಬೇಕು. ಕಪಾಟಿನಲ್ಲಿ ಸುಮ್ಮನಿದ್ದರೆ ಒಂದು ವಾರ ಹೋದರೂ ಚಿಂತೆಯಿಲ್ಲ. ಆನ್ ಆಗಿ ಹಿಂದಿನಿಂದ ವಿಂಡೋಸ್ ಅಪ್‌ಡೇಟ್ ಓಡುತ್ತಿದ್ದರೆ ಒಂದು ಮಧ್ಯಾಹ್ನವೂ ದೊಡ್ಡದೇ.

ಕಟ್ ಕಟ್ ಶಬ್ದ ಇದ್ದಿದ್ದರೆ ಕಥೆ ಬೇರೆ. ಹೆಡ್ ತನ್ನ ಜಾಗ ಹುಡುಕಲಾಗದೆ ಮತ್ತೆ ಮತ್ತೆ ವಾಪಸ್ ಬರುವಾಗ ಆ ಶಬ್ದ ಬರುತ್ತದೆ. ಆಗ ಮನೆಯಲ್ಲಿ ಮಾಡಬಹುದಾದ್ದು ಏನೂ ಇಲ್ಲ. ಒಳಗಿದ್ದದ್ದು ಬೇಕೇ ಬೇಕು ಅಂತಿದ್ದರೆ ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ಬಿಚ್ಚಿ ನೋಡುವ ವೃತ್ತಿಪರರಿಗೇ ಕೊಡಬೇಕು, ಬಿಲ್ ಹೊಸ ಡಿಸ್ಕಿನ ಬೆಲೆಯ ಎಷ್ಟೋ ಪಟ್ಟು ಬರುತ್ತದೆ. ಯೂಟ್ಯೂಬ್ ನೋಡಿ ಫ್ರೀಜರಿನಲ್ಲಿಟ್ಟು ತೆಗೆಯುವವರೂ ಇದ್ದಾರೆ. ನಮ್ಮ ಕರಾವಳಿಯ ಸೆಕೆಯಲ್ಲಿ ಫ್ರಿಜ್ಜಿನಿಂದ ನೀರಿನ ಬಾಟಲಿ ತೆಗೆದಿಟ್ಟರೆ ಎರಡು ನಿಮಿಷಕ್ಕೆ ಮೈತುಂಬಾ ಬೆವರುತ್ತದೆ ಅಲ್ವಾ, ಡಿಸ್ಕೂ ಹಾಗೇ ಬೆವರುತ್ತದೆ. ಅದರಲ್ಲಿ ಗಾಳಿ ಹೋಗಿಬರಲಿಕ್ಕೆ ಸಣ್ಣ ತೂತೂ ಇರುತ್ತದೆ!

ಶುಕ್ರವಾರ ರಾತ್ರಿ ಬಸ್ ಹತ್ತಿ, ಶಿರಾಡಿ ಘಾಟಿ ಇಳಿದು, ಬೆಳಗ್ಗೆ ಮನೆ ಸೇರಿದೆ. ಬ್ಯಾಗಿನಲ್ಲಿ 1 ಟಿಬಿಯ ಹೊಸ ಎಕ್ಸ್‌ಟರ್ನಲ್ ಡಿಸ್ಕ್, ಉಬುಂಟು ಹಾಕಿದ ಪೆನ್‌ಡ್ರೈವ್. ಹಾಳಾಗುತ್ತಿರುವ ಡಿಸ್ಕಿನಿಂದಲೇ ವಿಂಡೋಸ್ ಆನ್ ಮಾಡಿದರೆ ಅದು ಒಳಗೆ ಏನಾದರೊಂದು ಬರೆಯುತ್ತಲೇ ಇರುತ್ತದೆ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಆನ್ ಮಾಡಿ, ಡಿಸ್ಕನ್ನು ಓದಲಿಕ್ಕೆ ಮಾತ್ರ ಎಂಬಂತೆ ತೆರೆದರೆ ಆ ಕಾಟ ಇಲ್ಲ. ಕ್ಯಾಬಿನೆಟ್ ಬಿಚ್ಚಿದಾಗ ಒಂದು ಹಲ್ಲಿಯ ಸಂಸಾರ ಹೊರಗೆ ಓಡಿತು. ಅದು ನಮ್ಮಲ್ಲಿ ಮಾಮೂಲು.

ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಅದಕ್ಕೆ 'ಸ್ಮಾರ್ಟ್' ಅಂತ ಹೆಸರು. ಕಂಪ್ಯೂಟರ್ ಇನ್ನೂ ಚೆನ್ನಾಗಿರುವಾಗ ವಿಂಡೋಸಿನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ ನೋಡಬಹುದು. ಹತ್ತಾರು ಸಾಲು ಇದ್ದರೂ ಕಣ್ಣಿಡಬೇಕಾದ್ದು ಮೂರರ ಮೇಲೆ. 05 ಅಂದರೆ ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು, ಸಿ5 ಅಂದರೆ ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್‌ಗಳು, ಸಿ6 ಅಂದರೆ ಸರಿಪಡಿಸಲಾಗದವು. ಆರೋಗ್ಯವಂತ ಡಿಸ್ಕಿನಲ್ಲಿ ಮೂರೂ ಸೊನ್ನೆ ಇರಬೇಕು. ಸಿ7 ಮಾತ್ರ ಏರಿದ್ದರೆ ಹೆದರಬೇಡಿ, ಹೆಚ್ಚಾಗಿ ಕೇಬಲ್ ಸಡಿಲ ಆಗಿರುತ್ತದೆ. ಅಪ್ಪನ ಡಿಸ್ಕಿನಲ್ಲಿ ಸಿ5 ಎದುರು 312 ಇತ್ತು.

ಈ ಲೆಕ್ಕವನ್ನು ಎಷ್ಟು ನಂಬಬಹುದು? 2007ರಲ್ಲಿ ಗೂಗಲ್‌ನ ಎಂಜಿನಿಯರುಗಳು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ ಒಂದು ಪ್ರಬಂಧ ಬರೆದರು. ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕ್, ದೋಷವಿಲ್ಲದ್ದಕ್ಕಿಂತ 39 ಪಟ್ಟು ಹೆಚ್ಚು ಸಂಭವದಲ್ಲಿ 60 ದಿನದೊಳಗೆ ಕೆಡುತ್ತದೆ ಎಂದು ಅವರಿಗೆ ಕಂಡಿತು. ಆದರೆ ಅದೇ ಪ್ರಬಂಧದಲ್ಲಿ ಇನ್ನೊಂದು ಮಾತಿದೆ. ಕೆಟ್ಟ ಡಿಸ್ಕ್‌ಗಳಲ್ಲಿ ಶೇ 56ಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ಕೊಡದೆ ಕೆಟ್ಟಿದ್ದವು. ಹಾಗಾಗಿ ಕೆಂಪು ದೀಪ ಕಂಡರೆ ನಂಬಿ. ಹಸಿರು ದೀಪವನ್ನು ನಂಬಿ ಮಲಗಬೇಡಿ.

ಇನ್ನು ಅಸಲು ಪ್ರಶ್ನೆ. ಡಿಸ್ಕಿಗೆ ಉಳಿದಿರುವುದು ಎಷ್ಟು ಗಂಟೆಯೋ ಗೊತ್ತಿಲ್ಲ. ಮೊದಲು ಯಾವುದನ್ನು ತೆಗೆಯುವುದು?

ನನ್ನ ಲೆಕ್ಕದಲ್ಲಿ ಮೊದಲು ಫೋಟೋ, ಆಮೇಲೆ ಜಾಗದ ಕಾಗದಪತ್ರದ ಸ್ಕ್ಯಾನ್. ಅಪ್ಪ ಕುರ್ಚಿ ಎಳೆದುಕೊಂಡು ಕೂತು ಬೇರೆಯೇ ಲೆಕ್ಕ ಹೇಳಿದರು. "ಪಹಣಿ ಬೇಕಾದ್ರೆ ನಾಳೆ ಪುತ್ತೂರಿಗೆ ಹೋಗಿ ತರಬಹುದು. ಮದುವೆ ಫೋಟೋ ಅತ್ತೆ ಹತ್ರ ಉಂಟು, ಚಿಕ್ಕಪ್ಪನ ಹತ್ರವೂ ಉಂಟು. ಅಜ್ಜನದ್ದು ಎಲ್ಲಿ ಉಂಟು?"

ಅಜ್ಜನದ್ದು ಅಂದರೆ ಅಜ್ಜನ ತಾಳಮದ್ದಳೆ. ಅಜ್ಜ ಹವ್ಯಾಸಿ ಅರ್ಥಧಾರಿ. ಮಳೆಗಾಲದಲ್ಲಿ ಅಡಿಕೆ ತೋಟದ ಕೆಲಸ ಮುಗಿಸಿ, ಟಾರ್ಚ್ ಹಿಡಿದು, ಯಾರ ಮನೆಯ ಚಾವಡಿಯಲ್ಲಿ ಕೂಟ ಇದ್ದರೂ ಹೋಗುತ್ತಿದ್ದರಂತೆ. ಅಪ್ಪ ಕೆಲವನ್ನು ಕ್ಯಾಸೆಟ್ಟಿಗೆ ಹಿಡಿದಿಟ್ಟಿದ್ದರು. ಒಟ್ಟು 23 ಕ್ಯಾಸೆಟ್. ನಮ್ಮ ಊರಿನ ತೇವಕ್ಕೆ ಟೇಪುಗಳಿಗೆ ಬೂಸಲು ಹಿಡಿಯಲಿಕ್ಕೆ ಶುರುವಾದಾಗ, ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ವಯರ್ ಹಾಕಿ ಒಂದೊಂದನ್ನೇ ಎಂಪಿ3 ಮಾಡಿದ್ದರು. ಈಗ ಕ್ಯಾಸೆಟ್‌ಗಳು ಇಲ್ಲ.

ತಾಳಮದ್ದಳೆ ಗೊತ್ತಿಲ್ಲದವರಿಗೆ ಒಂದು ಮಾತು. ಅದರಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಪದ ಪ್ರಸಂಗದ ಪುಸ್ತಕದಲ್ಲಿ ಇರುತ್ತದೆ, ಮಾತು ಇರುವುದಿಲ್ಲ. ಎದುರಿನವರು ಏನು ಹೇಳಿದರು ಅನ್ನುವುದರ ಮೇಲೆ ಆಗಿಂದಾಗಲೇ ಹುಟ್ಟುವ ಮಾತು ಅದು. ಆವತ್ತು ರಾತ್ರಿ ಆ ಚಾವಡಿಯಲ್ಲಿ ಅಜ್ಜನ ಕರ್ಣ ಕೃಷ್ಣನಿಗೆ ಏನು ಉತ್ತರ ಕೊಟ್ಟಿದ್ದನೋ, ಅದು ಜಗತ್ತಿನಲ್ಲಿ ಇದ್ದದ್ದು ಈ ಒಂದು ಡಿಸ್ಕಿನಲ್ಲಿ ಮಾತ್ರ.

ನಿಯಮದ ಪ್ರಕಾರ ಮಾಡಬೇಕಾದ್ದು ಇಡೀ ಡಿಸ್ಕಿನ ನಕಲು. ಫೈಲ್ ಹುಡುಕುತ್ತಾ ಹೋದರೆ ಹೆಡ್ ಅತ್ತಿಂದಿತ್ತ ಓಡಾಡಬೇಕು, ಮೊದಲಿಂದ ಕೊನೆಯವರೆಗೆ ಸಾಲಾಗಿ ಓದಿದರೆ ಶ್ರಮ ಕಮ್ಮಿ. ಆದರೆ ಡಿಸ್ಕ್ 500 ಜಿಬಿ, ಅಜ್ಜನ ಫೋಲ್ಡರ್ ಬರೀ 2 ಜಿಬಿ. ಇಂಥ ಕಡೆ ನಿಯಮ ಬದಿಗಿಟ್ಟು ಬೇಕಾದ್ದನ್ನು ಮೊದಲು ಎಳೆದುಕೊಳ್ಳುವುದೇ ಸರಿ ಅಂತ ನನ್ನ ಅಭಿಪ್ರಾಯ. ಒಳ್ಳೆಯ ಡಿಸ್ಕಿನಲ್ಲಿ ಅರ್ಧ ನಿಮಿಷ ಸಾಕಾಗುವ ಕೆಲಸಕ್ಕೆ ಒಂದೂವರೆ ಗಂಟೆ ಹಿಡಿಯಿತು. ಮೂರು ಫೈಲ್‌ಗಳು ನಡುವೆ ಸಿಕ್ಕಿಕೊಂಡು ನಿಂತವು. ಅವುಗಳನ್ನು ಗುದ್ದಾಡಿ ತೆಗೆಯಲಿಕ್ಕೆ ಹೋಗದೆ ಬಿಟ್ಟು, ಉಳಿದದ್ದನ್ನು ಮುಗಿಸಿದೆವು. ಅಪ್ಪ ಆಗ ಎದ್ದು ಸ್ನಾನಕ್ಕೆ ಹೋದರು.

ಆಮೇಲೆ ಇಡೀ ಡಿಸ್ಕ್. ಅದಕ್ಕೆ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನ ಇದೆ. ಕಪ್ಪು ಪರದೆ, ಬಿಳಿ ಅಕ್ಷರ, ನೋಡಲಿಕ್ಕೆ ಚಂದ ಏನೂ ಇಲ್ಲ. ಆದರೆ ಬುದ್ಧಿವಂತ. ಮೊದಲ ಸುತ್ತಿನಲ್ಲಿ ಸುಲಭಕ್ಕೆ ಸಿಗುವುದನ್ನೆಲ್ಲ ಬಾಚಿಕೊಳ್ಳುತ್ತದೆ, ಹಟ ಮಾಡುವ ಜಾಗ ಬಂದರೆ ಹಾರಿ ಮುಂದೆ ಹೋಗುತ್ತದೆ. ಎಲ್ಲ ಮುಗಿದ ಮೇಲೆ ಬಿಟ್ಟಲ್ಲಿಗೆ ವಾಪಸ್ ಬಂದು ಚೂರುಚೂರಾಗಿ ಕೀಳಲಿಕ್ಕೆ ನೋಡುತ್ತದೆ. ಎಷ್ಟು ಆಯಿತು, ಎಲ್ಲಿ ಬಾಕಿ ಎಂಬುದನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆಯುತ್ತಾ ಇರುತ್ತದೆ. ಆ ಫೈಲನ್ನು ಎಕ್ಸ್‌ಟರ್ನಲ್ ಡಿಸ್ಕಿನಲ್ಲೇ ಇಡಬೇಕು, ಪೆನ್‌ಡ್ರೈವ್ ಲಿನಕ್ಸ್ ಆಫ್ ಆದರೆ ತನ್ನಲ್ಲಿದ್ದದ್ದನ್ನು ಮರೆತುಬಿಡುತ್ತದೆ. ಇದರ ಬೆಲೆ ಸಂಜೆ ಗೊತ್ತಾಯಿತು. ಐದು ಗಂಟೆಗೆ ಗುಡುಗು, ಕರೆಂಟು ಹೋಯಿತು, ಅಪ್ಪ ಬಂದು ಎಂದಿನಂತೆ ಪ್ಲಗ್ ಕಿತ್ತರು. ರಾತ್ರಿ ಊಟ ಆದ ಮೇಲೆ ಮತ್ತೆ ಅದೇ ಆಜ್ಞೆ ಕೊಟ್ಟಾಗ ನಿಂತಲ್ಲಿಂದಲೇ ಮುಂದುವರಿಯಿತು.

ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಿದರೆ ಆಗೋದಿಲ್ವಾ ಅಂತ ಕೇಳುವವರಿದ್ದಾರೆ. ಅದು ಫೈಲುಗಳ ಪಟ್ಟಿ ಸರಿಮಾಡುವ ಸಾಧನ. ಹಾಳಾಗುತ್ತಿರುವ ಡಿಸ್ಕಿನ ಮೇಲೆ ಓಡಿಸಿದರೆ ಗಂಟೆಗಟ್ಟಲೆ ಉಜ್ಜುತ್ತದೆ, ಜೊತೆಗೆ ಅದರ ಮೇಲೆಯೇ ಬರೆಯುತ್ತದೆ. ನಕಲು ಕೈಗೆ ಬಂದ ಮೇಲೆ, ನಕಲಿನ ಮೇಲೆ ಏನು ಬೇಕಾದರೂ ಮಾಡಿ.

ಭಾನುವಾರ ಬೆಳಗ್ಗೆ ಹೊತ್ತಿಗೆ 180 ಕೆಬಿಯಷ್ಟು ಬಿಟ್ಟು ಎಲ್ಲವೂ ಬಂದಿತ್ತು. ಅಡಿಕೆ ಲೆಕ್ಕದ ಫೈಲ್ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. "ಹೋಯ್ತಾ?" ಅಂದರು ಅಪ್ಪ. ಹೋಗಿರಲಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದ ಫೈಲ್ ಅದು, ನನ್ನ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇರಲಿಲ್ಲ. ಯುನಿಕೋಡಿಗೆ ಮುಂಚಿನ ನುಡಿ, ಬರಹ ಫೈಲುಗಳನ್ನು ಹೀಗೆ ಕೆಟ್ಟಿದೆ ಅಂದುಕೊಂಡು ಡಿಲೀಟ್ ಮಾಡಿದವರು ಎಷ್ಟು ಜನವೋ! ಫಾಂಟ್ ಹಾಕಿದರೆ ಸರಿ ಕಾಣುತ್ತದೆ, ಯುನಿಕೋಡಿಗೆ ಬದಲಿಸುವ ಸಾಧನಗಳೂ ಸಿಗುತ್ತವೆ.

ಸಿಕ್ಕಿಕೊಂಡಿದ್ದ ಮೂರು ಎಂಪಿ3ಗಳೂ ಬಂದವು, ಆದರೆ ಒಳಗೆ ತೂತುಗಳಿದ್ದವು. ಇಲ್ಲಿ ಎಂಪಿ3ಯ ಸ್ವಭಾವ ನಮ್ಮನ್ನು ಕಾಯಿತು. ಅದು ಸೆಕೆಂಡಿನ ನಲವತ್ತನೇ ಒಂದು ಭಾಗದಷ್ಟು ಸಣ್ಣ ತುಣುಕುಗಳ ಸಾಲು, ನಡುವೆ ನಾಲ್ಕು ತುಣುಕು ಹೋದರೆ ಪ್ಲೇಯರ್ ಹಾರಿ ಮುಂದೆ ಹೋಗುತ್ತದೆ. 128 ಕೆಬಿಪಿಎಸ್ ಧ್ವನಿಯಲ್ಲಿ 4 ಕೆಬಿಯ ಒಂದು ಸೆಕ್ಟರ್ ಅಂದರೆ ಕಾಲು ಸೆಕೆಂಡು. ಜಾಗ ಉಳಿಸಲಿಕ್ಕೆ ಎಲ್ಲವನ್ನೂ ಒಂದೇ ಜಿಪ್ ಫೈಲ್ ಮಾಡಿಟ್ಟಿದ್ದರೆ ಇಷ್ಟು ಸುಲಭ ಇರುತ್ತಿರಲಿಲ್ಲ. ಕರ್ಣ ಮಾತಾಡುವಾಗ ಒಂದು ಕಡೆ 'ಟಿಕ್' ಅಂತ ಶಬ್ದ ಬಂದು ಒಂದು ಪದ ಅರ್ಧಕ್ಕೆ ತುಂಡಾಗುತ್ತದೆ. ಅಪ್ಪ ಮೂರು ಸಲ ಹಿಂದೆ ಹಾಕಿ ಕೇಳಿದರು. ಆ ಪದ ಏನಿರಬಹುದು ಅಂತ ಅವರಿಗೂ ಹೊಳೆಯಲಿಲ್ಲ.

ಈಗ ಅಜ್ಜನ ಫೋಲ್ಡರ್ ಮೂರು ಕಡೆ ಇದೆ. ಮನೆಯ ಹೊಸ ಡಿಸ್ಕಿನಲ್ಲಿ ಒಂದು, ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಒಂದು, ಕ್ಲೌಡಿನಲ್ಲಿ ಒಂದು. 'ಕ್ಲೌಡ್ ಉಂಟಲ್ಲ, ಮತ್ತೇನು' ಅನ್ನುವವರು ಗಮನಿಸಬೇಕು: ಗೂಗಲ್ ಫೋಟೋಸಿನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತಿತು, ಉಚಿತವಾಗಿ ಸಿಗುವುದು ಒಟ್ಟು 15 ಜಿಬಿ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಅಳಿಸುವ ನಿಯಮವೂ ಇದೆ. ಅಪ್ಪ ಅಮ್ಮನ ಹೆಸರಲ್ಲಿ ಖಾತೆ ಮಾಡಿಕೊಟ್ಟು ಮರೆಯುವವರಿಗೆ ಇದು ಮುಖ್ಯ. ಎಸ್‌ಎಸ್‌ಡಿ ಹಾಕಿದರೆ ಕಂಪ್ಯೂಟರ್ ಓಡುವ ವೇಗವೇ ಬೇರೆ, ನಮ್ಮಲ್ಲೂ ಅದನ್ನೇ ಹಾಕಿದ್ದೇವೆ. ಆದರೆ ಅದು ಕೆಡುವಾಗ ಹಾರ್ಡ್ ಡಿಸ್ಕಿನಂತೆ ಸ್ಲೋ ಆಗಿ ಸೂಚನೆ ಕೊಡುತ್ತದೆ ಅಂತ ಹೇಳಲಾಗದು.

ಎಕ್ಸ್‌ಟರ್ನಲ್ ಡಿಸ್ಕ್ ಇಡಲಿಕ್ಕೆ ಅತ್ತೆ ಮನೆ ಆಯ್ಕೆ ಮಾಡಿದ್ದು ಅಪ್ಪನೇ. ನೇತ್ರಾವತಿ, ಕುಮಾರಧಾರಾ ಸೇರುವ ಊರು ನಮ್ಮದು. 1923ರ ನೆರೆ, 1974ರ ನೆರೆ ಅಂತ ಹಿರಿಯರು ಇಸವಿ ಹಿಡಿದೇ ಮಾತಾಡುತ್ತಾರೆ. ಎರಡು ನಕಲನ್ನು ಒಂದೇ ಕಪಾಟಿನಲ್ಲಿಟ್ಟರೆ ಎಂಥ ಪ್ರಯೋಜನ ಅಂತ ಅವರಿಗೆ ಯಾರೂ ವಿವರಿಸಬೇಕಾಗಲಿಲ್ಲ. ತಿಂಗಳಿಗೊಮ್ಮೆ ಪುತ್ತೂರಿಗೆ ಹೋದಾಗ ಡಿಸ್ಕ್ ತಂದು, ಹೊಸದನ್ನು ಸೇರಿಸಿ, ಮುಂದಿನ ಸಲ ವಾಪಸ್ ಕೊಡುತ್ತಾರೆ. ಹಳೆಯ ಡಿಸ್ಕನ್ನು ಗುಜರಿಗೆ ಹಾಕಬೇಡಿ, ಬ್ಯಾಂಕಿನ ವಿವರ ಎಲ್ಲ ಅದರಲ್ಲೇ ಇರ್ತದೆ ಅಂದಿದ್ದೆ. ಅಪ್ಪ ಅದನ್ನು ಬಿಚ್ಚಿ, ತಟ್ಟೆಗೆ ಡ್ರಿಲ್ಲಿನಿಂದ ತೂತು ಮಾಡಿ, ಒಳಗಿದ್ದ ಎರಡು ಅಯಸ್ಕಾಂತ ತೆಗೆದಿಟ್ಟುಕೊಂಡಿದ್ದಾರೆ. ಪಂಪ್ ಶೆಡ್ಡಿನ ಕಬ್ಬಿಣದ ಬಾಗಿಲಿಗೆ ಅಂಟಿಕೊಂಡು ಅವು ಈಗ ಸ್ಕ್ರೂಡ್ರೈವರ್ ಹಿಡಿದುಕೊಂಡಿವೆ.